ಮಳೆಗಾಲದ ನೆಟ್ಟು, ಜೆರಾಕ್ಸ್ ಅಂಗಡಿಯ ಪೆನ್‌ಡ್ರೈವು: ಮನೆ ಕಂಪ್ಯೂಟರಿಗೆ ಯಾವ ಆಂಟಿವೈರಸ್?

ಹೊಸ ಲ್ಯಾಪ್‌ಟಾಪ್ ಕೊಂಡು ದುಡ್ಡು ಎಣಿಸುವ ಹೊತ್ತಿಗೆ ಅಂಗಡಿಯವರು ಕೇಳುತ್ತಾರೆ: "ಆಂಟಿವೈರಸ್ ಹಾಕಿ ಕೊಡ್ಲಾ ಸಾರ್?" ಶಿವಮೊಗ್ಗದಲ್ಲೂ ಅಷ್ಟೇ, ಸಾಗರ, ತೀರ್ಥಹಳ್ಳಿಯಲ್ಲೂ ಅಷ್ಟೇ. ಬ್ಯಾಗು, ಮೌಸು, ಆಂಟಿವೈರಸ್ ಒಂದೇ ಬಿಲ್ಲಿನಲ್ಲಿ ಬರುತ್ತವೆ. ಬೇಡ ಅನ್ನಲು ಧೈರ್ಯ ಸಾಲದು. ಬೇಕು ಅನ್ನೋಣವೆಂದರೆ ಯಾವುದು, ಯಾಕೆ ಅಂತ ಹೇಳುವವರು ಇಲ್ಲ.

ಮೊದಲು ಒಂದು ವಿಷಯ ಗೊತ್ತಿರಲಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಈಚೆಗೆ ಪ್ರತಿ ವಿಂಡೋಸಿನ ಒಳಗೂ ಪೂರ್ಣ ಪ್ರಮಾಣದ ಆಂಟಿವೈರಸ್ ಇದೆ. ಅದರ ಹೆಸರು ಡಿಫೆಂಡರ್. ಅದಕ್ಕೆ ಬೇರೆ ದುಡ್ಡು ಕೊಡಬೇಕಿಲ್ಲ, ಪ್ರತಿವರ್ಷ ರಿನ್ಯೂ ಮಾಡಿಸಬೇಕಿಲ್ಲ. ಹಾಗಾದರೆ ಅದು ನಮ್ಮ ಮನೆಗೆ ಸಾಕಾ? ಇದಕ್ಕೆ ಬೆಂಗಳೂರಿನ ಫ್ಲಾಟಿಗೂ ಹೊಸನಗರದ ತೋಟದ ಮನೆಗೂ ಒಂದೇ ಉತ್ತರ ಹೇಳಲು ಬರುವುದಿಲ್ಲ. ಯಾಕೆ ಅಂತ ತಿಳಿಯಲು ಆಂಟಿವೈರಸ್ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು.

1986ರಲ್ಲಿ ಲಾಹೋರಿನ ಇಬ್ಬರು ಅಣ್ಣತಮ್ಮಂದಿರು 'ಬ್ರೇನ್' ಎಂಬ ವೈರಸ್ ಬರೆದರು. ಪಿಸಿಗಳಿಗೆ ಹಬ್ಬಿದ ಮೊದಲ ವೈರಸ್ ಅದು. ಫ್ಲಾಪಿಯ ಬೂಟ್ ಸೆಕ್ಟರಿನಲ್ಲಿ, ಅಂದರೆ ಕಂಪ್ಯೂಟರ್ ಶುರುವಾಗುವಾಗ ಮೊದಲು ಓದುವ ಜಾಗದಲ್ಲಿ, ಕೂರುತ್ತಿತ್ತು. ಅವರು ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಅದರೊಳಗೇ ಬರೆದಿದ್ದರು! ಅಂಥದ್ದನ್ನು ಹಿಡಿಯುವುದು ಕಷ್ಟವಲ್ಲ. ಫ್ಲಾಪಿಯ ಆ ಜಾಗದಲ್ಲಿ ಆ ಬೈಟ್‌ಗಳ ಸಾಲು ಇದೆಯಾ ಅಂತ ನೋಡಿದರಾಯಿತು. ಈ ಸಾಲಿಗೆ ಸಿಗ್ನೇಚರ್ ಎನ್ನುತ್ತಾರೆ. ಆಂಟಿವೈರಸ್ ಕಂಪನಿಗಳು ಇಂಥ ಸಿಗ್ನೇಚರ್‌ಗಳನ್ನು ಕೂಡಿಹಾಕಿ ನಮ್ಮ ಕಂಪ್ಯೂಟರಿಗೆ ಕಳಿಸುತ್ತವೆ. 'ಅಪ್‌ಡೇಟ್ ಆಗುತ್ತಿದೆ' ಅಂತ ಮೂಲೆಯಲ್ಲಿ ಬರುವುದು ಬಹುಮಟ್ಟಿಗೆ ಇದೇ.

ಈಗ ಇದೊಂದೇ ಸಾಲುವುದಿಲ್ಲ. ಆಂಟಿವೈರಸ್‌ಗಳನ್ನು ಪರೀಕ್ಷಿಸುವ ಜರ್ಮನಿಯ ಎವಿ-ಟೆಸ್ಟ್ ಸಂಸ್ಥೆ ದಿನಕ್ಕೆ 4,50,000ಕ್ಕೂ ಹೆಚ್ಚು ಹೊಸ ಕೆಟ್ಟ ಪ್ರೋಗ್ರಾಂಗಳನ್ನು ದಾಖಲಿಸುತ್ತದೆ. ಎಲ್ಲವೂ ಹೊಸದಾಗಿ ಬರೆದವಲ್ಲ. ಒಂದೇ ವೈರಸ್ ಪ್ರತಿ ಸಲ ಬೈಟ್‌ಗಳನ್ನು ಬದಲಿಸಿಕೊಂಡು ಬರುತ್ತದೆ, ಕೆಲಸ ಮಾತ್ರ ಹಳೆಯದೇ. ಅದಕ್ಕೇ ಆಂಟಿವೈರಸ್‌ಗಳು ಪ್ರೋಗ್ರಾಮಿನ ನಡವಳಿಕೆಯನ್ನೂ ಗಮನಿಸುತ್ತವೆ. ಯಾವುದೋ ಪ್ರೋಗ್ರಾಂ ಒಂದೇ ಸಮನೆ ನಿಮ್ಮ ಫೋಟೋಗಳನ್ನು ತೆರೆದು, ಬದಲಿಸಿ, ಹೆಸರು ತಿದ್ದಿ ಉಳಿಸುತ್ತಿದ್ದರೆ ಅನುಮಾನಪಟ್ಟು ತಡೆಯುತ್ತವೆ. ಹೀಗೆ ಅನುಮಾನದ ಮೇಲೆ ಹಿಡಿಯುವಾಗ ತಪ್ಪು ಆಗಿಯೇ ಆಗುತ್ತದೆ. ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಂ ಬರೆಯಲು ಸಾಧ್ಯವೇ ಇಲ್ಲ ಎಂದು ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಫ್ರೆಡ್ ಕೋಹೆನ್ 1980ರ ದಶಕದಲ್ಲೇ ಗಣಿತದಿಂದ ತೋರಿಸಿಕೊಟ್ಟಿದ್ದಾರೆ. ಡಬ್ಬಿಯ ಮೇಲೆ 'ನೂರಕ್ಕೆ ನೂರು ರಕ್ಷಣೆ' ಅಂತ ಬರೆದಿದ್ದರೆ ಅದನ್ನು ನಂಬಬೇಡಿ.

ಮೂರನೆಯ ವಿಧಾನ ನಮ್ಮ ಊರಿಗೆ ತುಂಬಾ ಮುಖ್ಯ. ಗೊತ್ತಿಲ್ಲದ ಫೈಲ್ ಎದುರಾದರೆ ಆಂಟಿವೈರಸ್ ಅದರ ಗುರುತನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸಿ ಕೇಳುತ್ತದೆ. ಅಲ್ಲಿ ಜಗತ್ತಿನ ಕೋಟ್ಯಂತರ ಕಂಪ್ಯೂಟರ್‌ಗಳ ಮಾಹಿತಿ ಇರುತ್ತದೆ. ಇಂಟರ್ನೆಟ್‌ನಿಂದ ಇಳಿದ ಅನುಮಾನದ ಫೈಲನ್ನು ಡಿಫೆಂಡರ್ ಸಾಮಾನ್ಯವಾಗಿ 10 ಸೆಕೆಂಡ್‌ವರೆಗೆ ತಡೆದಿಟ್ಟು ಉತ್ತರಕ್ಕೆ ಕಾಯುತ್ತದೆ. ಒಳ್ಳೆಯ ವ್ಯವಸ್ಥೆಯೇ. ಆದರೆ ಜುಲೈ ತಿಂಗಳಲ್ಲಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದ ಮೇಲೆ ಆಗುಂಬೆ ಕಡೆಯ ಒಂದು ಮನೆಯ ಲ್ಯಾಪ್‌ಟಾಪ್ ಯಾರನ್ನು ಕೇಳಬೇಕು? ಆಗ ಕಂಪ್ಯೂಟರಿನ ಒಳಗೆ ಇರುವ ಸಿಗ್ನೇಚರ್ ಮತ್ತು ನಡವಳಿಕೆಯ ಲೆಕ್ಕವೇ ಗತಿ.

ಇದನ್ನು ಅಳೆದು ನೋಡಿದವರಿದ್ದಾರೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆ ತನ್ನ ಒಂದು ಪರೀಕ್ಷೆಯಲ್ಲಿ ಪ್ರತಿ ಆಂಟಿವೈರಸ್‌ಗೂ ನೆಟ್ ಇದ್ದಾಗಿನ ಅಂಕ, ನೆಟ್ ಇಲ್ಲದಾಗಿನ ಅಂಕ ಎರಡನ್ನೂ ಬೇರೆ ಬೇರೆ ಕೊಡುತ್ತದೆ. ಕೆಲವು ಆಂಟಿವೈರಸ್‌ಗಳಿಗೆ ಎರಡೂ ಹತ್ತಿರ ಹತ್ತಿರ ಇರುತ್ತವೆ. ಕೆಲವಕ್ಕೆ ನೆಟ್ ಇಲ್ಲದಾಗ ಅಂಕ ಜಾಸ್ತಿಯೇ ಇಳಿಯುತ್ತದೆ. ಡಿಫೆಂಡರ್ ಹಲವು ವರದಿಗಳಲ್ಲಿ ಈ ಎರಡನೆಯ ಗುಂಪಿನಲ್ಲಿತ್ತು. ಊರಿನ ಗೆಳೆಯರು ಯಾವುದು ಕೊಳ್ಳಲಿ ಅಂತ ಕೇಳಿದಾಗ ನಾನು ಮೊದಲು ತೆಗೆದು ತೋರಿಸುವುದು ಈ ಕಾಲಮ್ಮನ್ನೇ. ಜಾಹೀರಾತಿನಲ್ಲಿ ಇದರ ಸುದ್ದಿ ಇರುವುದಿಲ್ಲ. ವರದಿಗಳು ಉಚಿತ, ಯಾರು ಬೇಕಾದರೂ ನೋಡಬಹುದು.

ನೆಟ್ ಇಲ್ಲದಿದ್ದರೆ ವೈರಸ್ ಎಲ್ಲಿಂದ ಬರುತ್ತದೆ ಅನ್ನಬಹುದು. ಜೇಬಿನಲ್ಲಿ ಬರುತ್ತದೆ. ಮಗಳ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ಆಗಬೇಕು, ಸೊಸೈಟಿಗೆ ಅರ್ಜಿ ಕೊಡಬೇಕು, ಗೃಹಪ್ರವೇಶದ ಕಾಗದದ ಪ್ರೂಫ್ ನೋಡಬೇಕು. ಪೆನ್‌ಡ್ರೈವ್ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಹೋಗುತ್ತೇವೆ. ಆ ಕಂಪ್ಯೂಟರಿಗೆ ಬೆಳಗ್ಗೆಯಿಂದ ಯಾರ್ಯಾರದೋ ಪೆನ್‌ಡ್ರೈವ್ ಹಾಕಿ ತೆಗೆದಿರುತ್ತಾರೆ. ಮನೆಗೆ ಬಂದು ನಮ್ಮದಕ್ಕೆ ಚುಚ್ಚಿದರೆ ಫೋಲ್ಡರುಗಳು ಎಂದಿನಂತೆ ಕಾಣುತ್ತವೆ. ಸ್ವಲ್ಪ ಹತ್ತಿರದಿಂದ ನೋಡಿ. ಪ್ರತಿ ಫೋಲ್ಡರಿನ ಎಡ ಮೂಲೆಯಲ್ಲಿ ಸಣ್ಣದೊಂದು ಬಾಣ ಇದೆ. 'ಟೈಪ್' ಕಾಲಮ್ಮಿನಲ್ಲಿ 'ಫೈಲ್ ಫೋಲ್ಡರ್' ಬದಲು 'ಶಾರ್ಟ್‌ಕಟ್' ಅಂತಿದೆ. ಸೈಜ್ ನೋಡಿದರೆ ಒಂದೋ ಎರಡೋ ಕೆಬಿ.

ಆಗಿರುವುದು ಇಷ್ಟು. ವೈರಸ್ ನಿಮ್ಮ ನಿಜವಾದ ಫೋಲ್ಡರುಗಳನ್ನು ಹಿಡನ್ ಮಾಡಿ, ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿದೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಏನೂ ಆಗಿಲ್ಲ ಅಂದುಕೊಳ್ಳುತ್ತೇವೆ. ಹಿಂದೆ ಇಷ್ಟೂ ಬೇಕಿರಲಿಲ್ಲ. ಪೆನ್‌ಡ್ರೈವ್ ಚುಚ್ಚಿದ ಕೂಡಲೇ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನೂ 2008ರ ಕಾನ್‌ಫಿಕರ್ ವರ್ಮ್ (ತಾನಾಗಿಯೇ ಹರಡುವ ವೈರಸ್) ಬಳಸಿಕೊಂಡು ಹಬ್ಬಿತ್ತು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಪೆನ್‌ಡ್ರೈವ್‌ಗಳ ಆಟೋರನ್ ನಿಲ್ಲಿಸಿತು. ಈಗ ಓಡಿಸುವ ಕೆಲಸವನ್ನು ನಮ್ಮ ಕೈಯಿಂದಲೇ ಮಾಡಿಸುತ್ತಾರೆ.

ಇಂಥ ಪೆನ್‌ಡ್ರೈವ್ ಕಂಡರೆ ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ನಿಮ್ಮ ಫೈಲ್‌ಗಳು ಸಾಮಾನ್ಯವಾಗಿ ಒಳಗೇ ಇರುತ್ತವೆ. ಯಾವುದನ್ನೂ ಕ್ಲಿಕ್ ಮಾಡದೆ ಪೆನ್‌ಡ್ರೈವಿನ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಕೊಡಿ. ಆಮೇಲೆ 'ವ್ಯೂ' ಮೆನುವಿನಲ್ಲಿ 'ಹಿಡನ್ ಐಟಮ್ಸ್' ಆನ್ ಮಾಡಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ 'ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್' ಎಂಬುದರ ಮುಂದಿನ ಗುರುತು ತೆಗೆಯಿರಿ. ಕೆಲಸ ಮುಗಿದ ಮೇಲೆ ಮತ್ತೆ ಹಾಕಿ. ಬರೀ ಪ್ರಿಂಟ್ ಬೇಕಿದ್ದರೆ ಪೆನ್‌ಡ್ರೈವೇ ಬೇಡ. ಪಿಡಿಎಫ್ ಮಾಡಿ ಅಂಗಡಿಯವರಿಗೆ ಮೇಲ್ ಮಾಡಿದರೆ ಮನೆಗೆ ವಾಪಸ್ ಬರುವುದು ಕಾಗದ ಮಾತ್ರ.

ಇಷ್ಟು ಗೊತ್ತಾದ ಮೇಲೆ ಆಯ್ಕೆ ಕಷ್ಟವಿಲ್ಲ. ಶಿವಮೊಗ್ಗ ಪಟ್ಟಣದ ಮನೆ, ಫೈಬರ್ ನೆಟ್ ಇದೆ, ವಿಂಡೋಸ್ ಅಸಲಿ, ಪೆನ್‌ಡ್ರೈವ್ ಬಳಕೆ ಅಪರೂಪ. ಇಂಥವರಿಗೆ ಡಿಫೆಂಡರ್ ಸಾಕು. ಮೇಲೆ ದುಡ್ಡು ಹಾಕುವುದು ಸುಮ್ನೆ ಖರ್ಚು ಅಂತ ನನಗೆ ಖಾತ್ರಿ. ಇನ್ನೊಂದು ಕಡೆ, ಹಳ್ಳಿಯ ಮನೆ, ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಗುಡ್ಡದ ಕಡೆ ಮುಖ ಮಾಡಿ ಕೂರಬೇಕು, ಪೆನ್‌ಡ್ರೈವ್ ದಿನಾ ಓಡಾಡುತ್ತದೆ. ಇವರಿಗೆ ಆಫ್‌ಲೈನ್ ಅಂಕ ಚೆನ್ನಾಗಿರುವ ಬೇರೆ ಆಂಟಿವೈರಸ್ ಕೊಳ್ಳಲು ನಿಜವಾದ ಕಾರಣವಿದೆ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ಕಡೆ ಅಂಗಡಿಗಳಲ್ಲಿ ಸಿಗುತ್ತವೆ, ಹೊರದೇಶದವೂ ಇವೆ. ಹೆಸರಿಗಿಂತ ಇತ್ತೀಚಿನ ವರದಿ ಮುಖ್ಯ. ಅಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ.

ಹಾಟ್‌ಸ್ಪಾಟ್ ಬಳಸುವವರು ಇನ್ನೊಂದನ್ನು ನೋಡಿಕೊಳ್ಳಿ. ಡೇಟಾ ಉಳಿಸಲು ಆ ಕನೆಕ್ಷನ್ನಿಗೆ 'ಮೀಟರ್ಡ್' ಅಂತ ಗುರುತು ಹಾಕಿದ್ದರೆ ಅಪ್‌ಡೇಟ್‌ಗಳು ಹಿಂದೆ ಬೀಳಬಹುದು. ವಾರಕ್ಕೊಮ್ಮೆ ವಿಂಡೋಸ್ ಸೆಕ್ಯೂರಿಟಿ ತೆರೆದು ಕೊನೆಯ ಅಪ್‌ಡೇಟ್ ದಿನಾಂಕ ನೋಡಿ. ನೆಟ್ ತೀರಾ ಕಷ್ಟವಾದರೆ ಡಿಫೆಂಡರ್‌ನ ಅಪ್‌ಡೇಟ್ ಫೈಲನ್ನು ಮೈಕ್ರೋಸಾಫ್ಟ್ ತಾಣದಿಂದ ಪೇಟೆಯಲ್ಲಿ ಇಳಿಸಿಕೊಂಡು ಬಂದು ಮನೆಯಲ್ಲಿ ಹಾಕಿಕೊಳ್ಳಬಹುದು.

ಎರಡು ಆಂಟಿವೈರಸ್ ಒಟ್ಟಿಗೆ ಹಾಕುವ ಆಸೆ ಬೇಡ. ಒಂದೇ ಫೈಲನ್ನು ಎರಡೂ ಹಿಡಿದುಕೊಂಡು ಕಂಪ್ಯೂಟರ್ ನಿಧಾನವಾಗುತ್ತದೆ. ಬೇರೆಯದು ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುವುದೂ ಇದಕ್ಕೇ. 4 ಜಿಬಿ ರ‍್ಯಾಮಿನ ಹಳೆಯ ಕಂಪ್ಯೂಟರ್ ಆದರೆ ಎವಿ-ಟೆಸ್ಟ್ ವರದಿಯ 'ಪರ್ಫಾರ್ಮೆನ್ಸ್' ಅಂಕವನ್ನೂ ನೋಡಿ. ರಕ್ಷಣೆ, ವೇಗ, ಬಳಕೆಯ ಸುಲಭ, ಈ ಮೂರಕ್ಕೂ ಆರಾರು ಅಂಕ ಕೊಡುತ್ತಾರೆ.

ಬಳಕೆಯ ಸುಲಭ ಎಂದರೆ ಮುಖ್ಯವಾಗಿ ಸುಳ್ಳು ಎಚ್ಚರಿಕೆ ಎಷ್ಟು ಕಡಿಮೆ ಎಂಬುದು. ಕನ್ನಡದಲ್ಲಿ ಬರೆಯುವವರಿಗೆ ಇದು ಸಣ್ಣ ವಿಷಯವಲ್ಲ. ನಾವು ಒತ್ತಿದ ಕೀಲಿಯನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರ ಮಾಡಿ ಕೊಡುವುದು ಟೈಪಿಂಗ್ ತಂತ್ರಾಂಶದ ಕೆಲಸ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಕೂಡ ಕೀಲಿಯನ್ನು ನಡುವೆಯೇ ಹಿಡಿಯುತ್ತದೆ. ಹೊರಗಿನಿಂದ ನೋಡುವ ಆಂಟಿವೈರಸ್‌ಗೆ ಎರಡೂ ಒಂದೇ ರೀತಿ ಕಾಣಬಹುದು. ಹಾಗಂತ ಆಂಟಿವೈರಸ್ಸನ್ನೇ ಆಫ್ ಮಾಡಬೇಡಿ. ತಂತ್ರಾಂಶವನ್ನು ಅದರ ಮೂಲ ತಾಣದಿಂದಲೇ ಇಳಿಸಿ, ಅದೊಂದಕ್ಕೆ ಮಾತ್ರ ವಿನಾಯಿತಿ ಕೊಡಿ. ದೊಡ್ಡ ಕಂಪನಿಗಳೂ ಇಲ್ಲಿ ಎಡವಿವೆ. 2010ರ ಏಪ್ರಿಲ್‌ನಲ್ಲಿ ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲನ್ನೇ ವೈರಸ್ ಎಂದು ಹಿಡಿದು ಜಗತ್ತಿನಾದ್ಯಂತ ಕಂಪ್ಯೂಟರ್‌ಗಳನ್ನು ನಿಲ್ಲಿಸಿತ್ತು.

ಉಚಿತ ಆಂಟಿವೈರಸ್ ಹಾಕುವ ಮೊದಲು ಅದು ಏನನ್ನು ಸಂಗ್ರಹಿಸುತ್ತದೆ ಅಂತ ಓದಿ. ಅವಾಸ್ಟ್ ತನ್ನ ಬಳಕೆದಾರರು ನೋಡಿದ ತಾಣಗಳ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರಿತ್ತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದಕ್ಕಾಗಿ 1.65 ಕೋಟಿ ಡಾಲರ್ ಕಟ್ಟಿಸಿತು. ನಮ್ಮ ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ವೈರಸ್ ತೆಗೆಯುವ ಉಚಿತ ಸಾಧನಗಳನ್ನು ಕೊಡುತ್ತಿದೆ. ಒಮ್ಮೆ ಶುಚಿ ಮಾಡಲು ಅವು ಒಳ್ಳೆಯವು.

ಯಾವ ಆಂಟಿವೈರಸ್ ಇದ್ದರೂ ವಿಂಡೋಸ್ ಅಪ್‌ಡೇಟ್ ಬಿಡುವ ಹಾಗಿಲ್ಲ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ 150 ದೇಶಗಳ ಕಂಪ್ಯೂಟರ್‌ಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಅದು ನುಗ್ಗಿದ ಕಂಡಿಯನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ಕೊಟ್ಟಿತ್ತು. ಅಡಿಕೆಗೆ ಕೊಳೆ ಔಷಧಿ ಹೊಡೆಯುವ ಲೆಕ್ಕವೇ ಇದಕ್ಕೂ. ಮಳೆ ಹಿಡಿಯುವ ಮುಂಚೆ ಬೋರ್ಡೋ ಹೊಡೆದರೆ ಕೊನೆ ಉಳಿಯುತ್ತದೆ, ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಹೋದದ್ದು ಹೋಯಿತು.

ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇನ್ನೂ ವಿಂಡೋಸ್ 10 ಇದೆ. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ಗೆ ಸಿಗ್ನೇಚರ್‌ಗಳು ಬರುತ್ತಿರುತ್ತವೆ, ಹಾಗಾಗಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ಆದರೆ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿಕೊಳ್ಳದಿದ್ದರೆ ವಿಂಡೋಸಿನ ಹೊಸ ಕಂಡಿಗಳು ಮುಚ್ಚುವುದಿಲ್ಲ. ಇಂಥ ಕಂಪ್ಯೂಟರಿಗೆ ದುಬಾರಿ ಆಂಟಿವೈರಸ್ ಕೊಳ್ಳುವುದಕ್ಕಿಂತ ವಿಂಡೋಸ್ 11ಕ್ಕೆ ಹೋಗುವುದು, ಆಗದಿದ್ದರೆ ಉಬುಂಟುವಿನಂಥ ಲಿನಕ್ಸ್ ಹಾಕಿಕೊಳ್ಳುವುದು ಒಳ್ಳೆಯದು. ಇನ್ನು, ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕುವಾಗ 'ಮೊದಲು ಆಂಟಿವೈರಸ್ ಆಫ್ ಮಾಡಿ' ಅಂತ ಹೇಳುತ್ತಾರಲ್ವಾ, ಅಲ್ಲಿಗೇ ನಿಲ್ಲಿಸಿ. ಆ ಹೊತ್ತಿನಲ್ಲಿ ಒಳಗೆ ಏನು ಬಂತು ಅಂತ ಆಮೇಲೆ ಹುಡುಕಲು ಯಾವ ಆಂಟಿವೈರಸ್ಸನ್ನೂ ಪೂರ್ತಿ ನಂಬುವಂತಿಲ್ಲ.

ಆಂಟಿವೈರಸ್‌ಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬರುವುದಿದ್ದರೆ ನಾನು ಅದನ್ನೇ ಮೊದಲು ಕೊಳ್ಳಿ ಎನ್ನುತ್ತೇನೆ. ಫೋಟೋ, ತೋಟದ ಲೆಕ್ಕ, ಮಕ್ಕಳ ಅಂಕಪಟ್ಟಿ ಎಲ್ಲ ಅದರಲ್ಲಿ ಒಂದು ಪ್ರತಿ ಇರಲಿ. ಕಾಪಿ ಆದ ಕೂಡಲೇ ಕಳಚಿ ಬೀರುವಿನಲ್ಲಿಡಿ. ಚುಚ್ಚಿಟ್ಟೇ ಇದ್ದರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಸಿಡಿಲಿನ ಹೊಡೆತವೂ ಎರಡಕ್ಕೂ ಒಟ್ಟಿಗೇ ಬೀಳುತ್ತದೆ.

ಫೋನ್ ಮಾಡಿ ಒಟಿಪಿ ಕೇಳುವವರನ್ನು, ಎನಿಡೆಸ್ಕ್ ಹಾಕಿಸಿಕೊಂಡು ದೂರದಿಂದಲೇ ನಿಮ್ಮ ಕಂಪ್ಯೂಟರ್ ಓಡಿಸುವವರನ್ನು ಆಂಟಿವೈರಸ್ ತಡೆಯುವುದಿಲ್ಲ. ಅನುಮತಿ ಕೊಟ್ಟವರು ನೀವೇ ಅಂತ ಅದು ತಿಳಿಯುತ್ತದೆ. ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಾಕಿದ ಆಂಟಿವೈರಸ್ ಎಚ್ಚರವಾಗಿದೆಯಾ ಅಂತ ನೋಡಲು ವೈರಸ್ ತರಬೇಕಿಲ್ಲ. ಐಕಾರ್ ಎಂಬ ಸಂಸ್ಥೆಯ ತಾಣದಲ್ಲಿ 68 ಅಕ್ಷರಗಳ ಒಂದು ಪುಟ್ಟ ಪರೀಕ್ಷಾ ಫೈಲ್ ಸಿಗುತ್ತದೆ. ಅದರಿಂದ ಯಾವ ಹಾನಿಯೂ ಇಲ್ಲ. ಆದರೂ ಅದನ್ನು ವೈರಸ್ ಎಂದೇ ಹಿಡಿಯಬೇಕು ಅಂತ ಆಂಟಿವೈರಸ್ ತಯಾರಕರು ಒಪ್ಪಿಕೊಂಡಿದ್ದಾರೆ. ಇಳಿಸಿದ ಕೂಡಲೇ ಎಚ್ಚರಿಕೆ ಬಂದರೆ ಕಾವಲು ಆನ್ ಇದೆ ಎಂದರ್ಥ, ಅದಕ್ಕಿಂತ ಹೆಚ್ಚಿನದೇನನ್ನೂ ಇದು ಹೇಳುವುದಿಲ್ಲ. ಬರದಿದ್ದರೆ ರಿಯಲ್ ಟೈಮ್ ಪ್ರೊಟೆಕ್ಷನ್ ಆಫ್ ಆಗಿದೆಯಾ, ಇಲ್ಲ ಲ್ಯಾಪ್‌ಟಾಪ್ ಜೊತೆ ಬಂದ ಯಾವುದೋ ಟ್ರಯಲ್ ಆಂಟಿವೈರಸ್ ಅವಧಿ ಮುಗಿದೂ ಅಡ್ಡ ಕೂತಿದೆಯಾ ನೋಡಿ. ಕೂತಿದ್ದರೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ ಒಮ್ಮೆ ರೀಸ್ಟಾರ್ಟ್ ಕೊಡಿ, ಡಿಫೆಂಡರ್ ಮತ್ತೆ ಆನ್ ಆಗುತ್ತದೆ.