ಸ್ಲೈಡಿಂಗ್ ಹೆಡ್ ಲೇತ್: ಲೆಕ್ಕ ಶುರುವಾಗುವುದು ಬಾರ್‌ನಿಂದ

ಬಾರ್ ಅನ್ನುವ ಉದ್ದನೆಯ ಲೋಹದ ಸರಳಿನಿಂದ ಸಣ್ಣ ಪಿನ್, ಸ್ಕ್ರೂ ಕಡೆಯುವ ಸ್ಲೈಡಿಂಗ್ ಹೆಡ್ ಮೆಷಿನ್ ಹಾಕಬೇಕು ಅಂತ ಯೋಚಿಸುತ್ತಿರುವ ಸಣ್ಣ ವರ್ಕ್‌ಶಾಪ್ ಮಾಲೀಕರು ಸಿಕ್ಕಾಗ ನಾನು ಮೊದಲು ಕೇಳುವ ಪ್ರಶ್ನೆ, "ಬಾರ್ ಎಲ್ಲಿಂದ ತರಿಸ್ತೀರಿ?" ಯಾವ ಕಂಪನಿ ಮೆಷಿನ್, ಎಷ್ಟು ಆಕ್ಸಿಸ್, ಎಷ್ಟು ಟೂಲ್, ಇವೆಲ್ಲ ಆಮೇಲಿನ ಮಾತು. ಮೆಷಿನ್‌ಗೆ ಲೋನ್ ತೆಗೆದು ದೊಡ್ಡ ದುಡ್ಡು ಹಾಕಿ, ಬಾರ್‌ನಲ್ಲಿ ಕೆಜಿಗೆ ನಾಲ್ಕು ಕಾಸು ಉಳಿಸಲು ಹೋದವರು ಮೈಕ್ರಾನ್ (ಮಿಮೀನ ಸಾವಿರದಲ್ಲೊಂದು ಭಾಗ) ಅಳತೆ ಹಿಡಿಯಲಾಗದೆ ಒದ್ದಾಡುವುದನ್ನು ಪೀಣ್ಯದಲ್ಲೂ ನೋಡಿದ್ದೇನೆ, ಬೊಮ್ಮಸಂದ್ರದಲ್ಲೂ ನೋಡಿದ್ದೇನೆ.

ಈ ಮೆಷಿನ್ ಯಾಕೆ ಬೇಕು ಅನ್ನುವುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. 4 ಮಿಮೀ ದಪ್ಪ, 40 ಮಿಮೀ ಉದ್ದದ ಸ್ಟೀಲ್ ಪಿನ್ ತಗೊಳ್ಳಿ. ಮಾಮೂಲಿ ಸಿಎನ್‌ಸಿ ಲೇತ್‌ನಲ್ಲಿ ಅದನ್ನು ಹಿಡಿದರೆ 40 ಮಿಮೀ ಪೂರ್ತಿ ಹೊರಗೆ ಚಾಚಿರುತ್ತದೆ. ತುದಿಯಲ್ಲಿ ಟೂಲ್ ತಳ್ಳುವ ಬಲ ಬರೀ 20 ನ್ಯೂಟನ್, ಅಂದರೆ ಸುಮಾರು 2 ಕೆಜಿ ತೂಕದಷ್ಟು ಅಂತ ಇಟ್ಟುಕೊಳ್ಳಿ. ಅಷ್ಟಕ್ಕೇ ತುದಿ 0.17 ಮಿಮೀ ಬಾಗುತ್ತದೆ. ಡ್ರಾಯಿಂಗ್‌ನಲ್ಲಿ ಕೇಳಿರುವ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಬಿಡುವ ಹೆಚ್ಚುಕಮ್ಮಿ, 0.01 ಮಿಮೀ ಇದ್ದರೆ ಕಥೆ ಅಲ್ಲಿಗೇ ಮುಗಿಯಿತು ಅಲ್ವಾ? ಟೇಲ್ ಸ್ಟಾಕ್‌ನಿಂದ ತುದಿಗೆ ಆಧಾರ ಕೊಡೋಣ ಅಂದರೆ ಇಷ್ಟು ಸಣ್ಣ ಪಿನ್ನಿನ ತುದಿಯಲ್ಲಿ ಸೆಂಟರ್ ಹೋಲ್ ಹಾಕಲು ಗಿರಾಕಿ ಒಪ್ಪುವುದಿಲ್ಲ. ಅದೇ ಪಿನ್ 2 ಮಿಮೀ ಮಾತ್ರ ಚಾಚಿದ್ದರೆ ಬಾಗುವುದು 8000 ಪಟ್ಟು ಕಡಿಮೆ. ಉದ್ದ ಎರಡರಷ್ಟಾದರೆ ಬಾಗುವುದು ಎಂಟರಷ್ಟಾಗುತ್ತದೆ, ಅದೇ ಇದರ ಗುಟ್ಟು.

ಸ್ಲೈಡಿಂಗ್ ಹೆಡ್ ಮಾಡುವ ಕೆಲಸ ಇಷ್ಟೇ. ಟರ್ನಿಂಗ್ ಟೂಲ್ ಉದ್ದಕ್ಕೆ ಓಡುವುದಿಲ್ಲ, ಬಾರ್‌ಗೆ ಆಧಾರ ಕೊಡುವ ಬಳೆಯಂಥ ಗೈಡ್ ಬುಷ್‌ನ ಮೂತಿಯ ಹತ್ತಿರವೇ ನಿಂತಿರುತ್ತದೆ. ಬಾರನ್ನು ತಿರುಗಿಸುವ ಹೆಡ್‌ಸ್ಟಾಕ್ ಅದನ್ನು ಕಾಲೆಟ್ ಅನ್ನುವ ಹಿಡಿಕೆಯಲ್ಲಿ ಹಿಡಿದುಕೊಂಡು ತಾನೇ ಮುಂದಕ್ಕೆ ಜರುಗುತ್ತದೆ. ಬಾರ್ ಗೈಡ್ ಬುಷ್ ಮೂಲಕ ಹೊರಬಂದ ಕೂಡಲೇ ಕಟ್ ಆಗುತ್ತದೆ. ಪಿನ್ ಎಷ್ಟೇ ಉದ್ದ ಇರಲಿ, ಟೂಲ್ ಮುಟ್ಟುವ ಜಾಗಕ್ಕೆ ಆಧಾರ ಯಾವಾಗಲೂ ಒಂದೆರಡು ಮಿಮೀ ದೂರದಲ್ಲೇ ಇರುತ್ತದೆ. 1870ರ ದಶಕದಲ್ಲಿ ಸ್ವಿಟ್ಜರ್ಲೆಂಡ್‌ನ ಯಾಕೋಬ್ ಶ್ವೈಟ್ಜರ್ ವಾಚಿನ ಸ್ಕ್ರೂ ಮಾಡಲು ಕಂಡುಕೊಂಡ ಉಪಾಯ ಇದು. ಮೂಟಿಯೆ ಅನ್ನುವ ಚಿಕ್ಕ ಊರಿನ ಟೋರ್ನೋಸ್, ಬೆಕ್ಲರ್, ಪೀಟರ್‌ಮನ್ ಕಂಪನಿಗಳು ಅದನ್ನು ಬೆಳೆಸಿದವು. ಆಮೇಲೆ ಜಪಾನಿನ ವಾಚ್ ಕಂಪನಿ ಸಿಟಿಜನ್ ತನ್ನದೇ ಮೆಷಿನ್ ಕಟ್ಟಿತು. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ವಾಚ್ ತಯಾರಿಕೆ ಶುರು ಮಾಡಿದ್ದೂ ಸಿಟಿಜನ್ ಜೊತೆಗೇ. ಈಗ ಈ ಮೆಷಿನ್‌ಗಳಿಗೆ ವಾಚಿಗಿಂತ ಜಾಸ್ತಿ ಕೆಲಸ ಬರುವುದು ಮೂಳೆಗೆ ಹಾಕುವ ಸ್ಕ್ರೂ, ಡೆಂಟಲ್ ಇಂಪ್ಲಾಂಟ್, ಕನೆಕ್ಟರ್ ಪಿನ್, ಫ್ಯೂಯೆಲ್ ಇಂಜೆಕ್ಟರ್ ಭಾಗಗಳಿಂದ.

ಗೈಡ್ ಬುಷ್ ಹಿಡಿಯುವುದು ಬಾರ್‌ನ ಹೊರಮೈಯನ್ನು. ಹಾಗಾಗಿ ಬಾರ್‌ನ ಹೊರಮೈ ಹೇಗಿದೆಯೋ ಜಾಬ್ (ತಯಾರಾಗುವ ಭಾಗ) ಹಾಗೇ ಬರುತ್ತದೆ. 8 ಮಿಮೀ ಬಾರ್‌ಗೆ ಎಚ್9 ದರ್ಜೆಯ ಟಾಲರೆನ್ಸ್ ಅಂದರೆ 36 ಮೈಕ್ರಾನ್, ಎಚ್7 ಅಂದರೆ 15 ಮೈಕ್ರಾನ್. ಬುಷ್ ಮತ್ತು ಬಾರ್ ನಡುವೆ ನಾವು ಬಿಡುವ ಸಂದು ಕೆಲವೇ ಮೈಕ್ರಾನ್. ಒಂದೇ ಬಾರ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣ ಇದ್ದರೆ ಬುಷ್ ಏನು ಮಾಡೀತು? ದಪ್ಪ ಇರುವಲ್ಲಿ ಬಿಗಿದು ಗೀರು ಬೀಳುತ್ತದೆ, ಸಣ್ಣ ಇರುವಲ್ಲಿ ಆಡಿ ಚಾಟರ್, ಅಂದರೆ ಅದುರಿದ ಗುರುತು, ಬರುತ್ತದೆ. ಮೆಷಿನ್ ಹೊಂದಿಸುವ ಸೆಟ್ಟರ್ ಪಾಪ ದಿನವಿಡೀ ಟೂಲ್‌ನ ಆಫ್‌ಸೆಟ್ ತಿದ್ದುತ್ತಾ ಕೂತಿರುತ್ತಾನೆ.

ಇದಕ್ಕಿಂತ ಕೆಟ್ಟ ತೊಂದರೆ ಇನ್ನೊಂದಿದೆ. ಅದು ಮೈಕ್ರೋಮೀಟರ್‌ಗೆ ಕಾಣುವುದೇ ಇಲ್ಲ. ಪರಿಚಯದ ಒಂದು ಶಾಪ್‌ನಲ್ಲಿ ಜಾಬ್ ಮೈಕ್ರೋಮೀಟರ್‌ನಲ್ಲಿ ಎಲ್ಲಿ ಹಿಡಿದರೂ ಸೈಜ್ ಸರಿ, ಆದರೆ ಸೈಜ್ ಪರೀಕ್ಷಿಸುವ ಬಳೆ, ರಿಂಗ್ ಗೇಜ್, ಒಳಗೆ ಹೋಗುತ್ತಿರಲಿಲ್ಲ. ಸ್ಪಿಂಡಲ್ ಬೇರಿಂಗ್ ಹೋಗಿದೆ ಅಂತ ಅವರ ಅನುಮಾನ, ಸರ್ವಿಸ್‌ನವರನ್ನು ಕರೆಸಲು ಹೊರಟಿದ್ದರು. ಮೆಷಿನ್ ಬಿಚ್ಚುವ ಮೊದಲು ಕಟ್ ಆಗದ ಬಾರ್ ತುಂಡೊಂದನ್ನು ವಿ ಆಕಾರದ ಸಂದಿರುವ ವಿ ಬ್ಲಾಕ್ ಮೇಲಿಟ್ಟು, ಮುಳ್ಳಿನ ಡಯಲ್ ಗೇಜ್ ಹಚ್ಚಿ, ಕೈಯಲ್ಲಿ ನಿಧಾನ ತಿರುಗಿಸಿ ನೋಡಿದೆವು. ಒಂದು ಸುತ್ತಿಗೆ ಮುಳ್ಳು ಮೂರು ಸಲ ಎದ್ದು ಮೂರು ಸಲ ಇಳಿಯಿತು. ಬಾರ್ ಗುಂಡಗೆ ಇರಲಿಲ್ಲ, ನವಿರಾಗಿ ಮೂರು ಮೂಲೆ ಇತ್ತು. ಬಾರ್ ಹೊರಮೈ ಉಜ್ಜಿ ನಯ ಮಾಡುವ ಸೆಂಟರ್‌ಲೆಸ್ ಗ್ರೈಂಡಿಂಗ್‌ನ ಸೆಟ್ಟಿಂಗ್ ಸರಿ ಇಲ್ಲದಿದ್ದರೆ ಹೀಗಾಗುತ್ತದೆ. ಮೂರು ಮೂಲೆಯ ಈ ಆಕಾರದಲ್ಲಿ ಎದುರುಬದುರು ಅಳೆದರೆ ಎಲ್ಲ ಕಡೆ ಒಂದೇ ಅಳತೆ ಸಿಗುತ್ತದೆ, ಅದಕ್ಕೇ ಮೈಕ್ರೋಮೀಟರ್ ಮೋಸ ಹೋಗುತ್ತದೆ. ಅಂಥ ಬಾರ್ ಬುಷ್ ಒಳಗೆ ತಿರುಗುವಾಗ ಅದರ ಸೆಂಟರ್ ಪ್ರತಿ ಸುತ್ತಿಗೂ ಅಲ್ಲಾಡುತ್ತದೆ. ಟೂಲ್ ಆ ಅಲ್ಲಾಟವನ್ನು ಹಾಗೇ ಜಾಬ್ ಮೇಲೆ ಇಳಿಸುತ್ತದೆ. ಬಾರ್ ಬದಲಿಸಿದರು, ಗೇಜ್ ಸಲೀಸಾಗಿ ಹೋಯಿತು. ಹೊಸ ಲಾಟ್ ಬಂದಾಗ ಒಂದೆರಡು ಬಾರನ್ನು ಹೀಗೆ ವಿ ಬ್ಲಾಕ್‌ನಲ್ಲಿ ನೋಡಲು ಹಿಡಿಯುವುದು ಐದು ನಿಮಿಷ. ದಯವಿಟ್ಟು ಬಿಡಬೇಡಿ. ಜೊತೆಗೆ ಬಾರ್ ನೇರ ಇದೆಯಾ, ತುದಿಗೆ ಚ್ಯಾಂಫರ್ (ಓರೆಯಾಗಿ ಇಳಿಸಿದ ಅಂಚು) ಇದೆಯಾ ಅಂತಲೂ ನೋಡಿ. ಡೊಂಕು ಬಾರ್, ಅದನ್ನು ಮೆಷಿನ್‌ಗೆ ತಳ್ಳುವ ಫೀಡರ್ ಒಳಗೆ ಬಡಿದರೆ ಆ ಅದುರು ಫಿನಿಶ್‌ನಲ್ಲಿ ಕಾಣುತ್ತದೆ.

ಬುಷ್ ಬಿಗಿ ಮಾಡುವುದು ಕೈ ಅನುಭವದ ಕೆಲಸ. ಅದೇ ಲಾಟ್‌ನ ಬಾರ್ ತುಂಡು ಒಳಗೆ ಹಾಕಿ, ನಟ್ ತಿರುಗಿಸುತ್ತಾ, ತುಂಡನ್ನು ಹಿಂದೆ ಮುಂದೆ ಎಳೆದು ನೋಡಬೇಕು. ಸಲೀಸಾಗಿ ಜಾರಬೇಕು, ಆದರೆ ಅಡ್ಡಕ್ಕೆ ಅಲ್ಲಾಡಬಾರದು. ಬೆಳಿಗ್ಗೆ ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗ್ ಮೆಷಿನ್ ಬಿಸಿಯಾದ ಮೇಲೆ ಬಿಗಿಯಾಗಬಹುದು. ಸ್ವಲ್ಪ ಹೊತ್ತು ಓಡಿಸಿ ಇನ್ನೊಮ್ಮೆ ನೋಡಿ.

ಮಾಮೂಲಿ ಲೇತ್‌ನಲ್ಲಿ ಪಳಗಿದ ಪ್ರೋಗ್ರಾಮರ್‌ಗಳು ಎಡವುವುದು ಇನ್ನೊಂದು ಕಡೆ. ಅವರಿಗೆ ಮೊದಲು ಪೂರ್ತಿ ಉದ್ದಕ್ಕೆ ರಫ್ (ದಪ್ಪ ಕಟ್), ಆಮೇಲೆ ಮೊದಲಿಂದ ಫಿನಿಶ್ (ನಯದ ಕಟ್) ಮಾಡಿ ರೂಢಿ. ಇಲ್ಲಿ ಅದು ನಡೆಯುವುದಿಲ್ಲ. 8 ಮಿಮೀ ಬಾರನ್ನು 4ಕ್ಕೆ ಇಳಿಸಿದ ಮೇಲೆ ಆ ಭಾಗವನ್ನು ಹಿಂದಕ್ಕೆ ಎಳೆದರೆ ಬುಷ್ ಒಳಗೆ ಸುತ್ತಲೂ 2 ಮಿಮೀ ಖಾಲಿ. ಇನ್ನೂ ಹಿಂದೆ ಎಳೆದರೆ ಬಾರ್‌ಗೆ ಹಿಡಿತವೇ ಇಲ್ಲ. ಹಾಗಾಗಿ ಮುಂಭಾಗದಿಂದ ತುಸುತುಸುವೇ, ಒಂದೊಂದು ಭಾಗವನ್ನೂ ಪೂರ್ತಿ ಮುಗಿಸಿಕೊಂಡು ಮುಂದೆ ಹೋಗಬೇಕು. ಆದಷ್ಟೂ ಒಂದೇ ಕಟ್‌ನಲ್ಲಿ ಸೈಜ್‌ಗೆ ಇಳಿಸಬೇಕು. ಟೂಲ್‌ನ ಕತ್ತರಿಸುವ ತುದಿಯಾದ ಇನ್ಸರ್ಟ್ ಹರಿತ ಇರಲಿ, ಅದರ ಮೂಗಿನ ದುಂಡು (ನೋಸ್ ರೇಡಿಯಸ್) ಸಣ್ಣದಿರಲಿ.

ಎಣ್ಣೆ ವಿಷಯಕ್ಕೆ ಬಂದರೆ, ಗೈಡ್ ಬುಷ್‌ಗೆ ಜಾರಿಕೆ ಬೇಕಾದ್ದರಿಂದ ಹೆಚ್ಚಿನವರು ನೀರು ಬೆರೆಸದ ಕಟಿಂಗ್ ಆಯಿಲ್ ಹಾಕುತ್ತಾರೆ. ಅದಕ್ಕೆ ಬೆಂಕಿ ಹತ್ತಿಕೊಳ್ಳಬಹುದು, ಅದರಲ್ಲೂ ಟೈಟಾನಿಯಂ ಓಡಿಸುವಾಗ. ರಾತ್ರಿ ಪಾಳಿಯಲ್ಲಿ ಆಳಿಲ್ಲದೆ ಓಡಿಸುವವರು ಮೆಷಿನ್ ಒಳಗೇ ತಾನಾಗಿ ಬೆಂಕಿ ಆರಿಸುವ ವ್ಯವಸ್ಥೆ ಇಲ್ಲದೆ ಓಡಿಸಲೇಬಾರದು.

ಕೊನೆಗೆ ಉಳಿಯುವ ತುಂಡಿನ ಲೆಕ್ಕ. ಹೆಡ್‌ಸ್ಟಾಕ್‌ಗೂ ಬುಷ್‌ಗೂ ನಡುವಿನ ಬಾರ್ ಕೊನೆಯಲ್ಲಿ ಬಳಕೆಗೆ ಬರುವುದಿಲ್ಲ. 3 ಮೀಟರ್ ಬಾರ್‌ನಲ್ಲಿ 250 ಮಿಮೀ ಹೀಗೆ ಹೋಯಿತು ಅಂದುಕೊಳ್ಳಿ. ಜಾಬ್ 20 ಮಿಮೀ, ಬಾರ್‌ನಿಂದ ಕತ್ತರಿಸಿ ಬೇರ್ಪಡಿಸುವ ಪಾರ್ಟಿಂಗ್‌ಗೆ 2 ಮಿಮೀ. ಒಂದು ಬಾರ್‌ಗೆ 125 ಪೀಸ್. ಜಾಬ್‌ನ ಉದ್ದ ಅದರ ದಪ್ಪದ ಎರಡೂವರೆ ಪಟ್ಟಿನ ಒಳಗಿದ್ದರೆ ಬಾಗುವ ಭಯ ಕಡಿಮೆ. ಅಂಥ ಜಾಬನ್ನು ಈಗಿನ ಎಷ್ಟೋ ಮೆಷಿನ್‌ಗಳಲ್ಲಿ ಗೈಡ್ ಬುಷ್ ತೆಗೆದೇ ಓಡಿಸಬಹುದು. ಆಗ ಉಳಿಯುವ ತುಂಡು 80 ಮಿಮೀಗೆ ಇಳಿದರೆ 132 ಪೀಸ್ ಸಿಗುತ್ತದೆ. ಬುಷ್ ಇಲ್ಲದಾಗ ಬಾರ್ ಕೂಡ ಅಷ್ಟು ನಯ ಇರಬೇಕಿಲ್ಲ, ಕಡಿಮೆ ಬೆಲೆಯ ಬಾರ್ ನಡೆಯುತ್ತದೆ. ಕೊಟೇಶನ್ ಬರೆಯುವ ಮೊದಲೇ ಜಾಬ್ ಬುಷ್ ಹಾಕಿ ಓಡುವುದೋ, ತೆಗೆದು ಓಡುವುದೋ ಅಂತ ತೀರ್ಮಾನ ಮಾಡಿಕೊಳ್ಳಿ. ಟೈಟಾನಿಯಂ ಬಾರ್ ಆದರಂತೂ ಆ ಏಳು ಪೀಸ್‌ನಲ್ಲೇ ನಿಮ್ಮ ಲಾಭ ಇರಬಹುದು.