ಸಾಲ ಮಾಡಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸ್ಬೇಕಾ?

ಪ್ರಶ್ನೆ: ಮಗನಿಗೆ ಸಿಇಟಿಲಿ ಒಳ್ಳೆ ರ‍್ಯಾಂಕ್ ಬರ್ಲಿಲ್ಲ. ಬೆಂಗಳೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಸೈನ್ಸ್ ಮ್ಯಾನೇಜ್‌ಮೆಂಟ್ ಸೀಟಿದೆ ಅಂತಿದಾರೆ. ಎಜುಕೇಶನ್ ಲೋನ್ ತಗೊಂಡು, ಸಾಲದಿದ್ರೆ ಜಮೀನು ಅಡ ಇಟ್ಟು ಸೇರಿಸೋಣ ಅಂತಿದೀವಿ. ಈಗಿನ ಕಾಲದಲ್ಲಿ ಡಿಗ್ರಿಗೆ ಅಷ್ಟು ಬೆಲೆ ಇದೆಯಾ?

ಉತ್ತರ: ಡಿಗ್ರಿಗೆ ಬೆಲೆ ಇದೆ ಸರ್, ಆದ್ರೆ ಆ ಸೀಟಿಗೆ ಅವ್ರು ಹೇಳ್ತಿರೋ ರೇಟಿಗೆ ಇಲ್ಲ. ಜಮೀನನ್ನಂತೂ ದಯವಿಟ್ಟು ಮುಟ್ಬೇಡಿ.

ರಿಸಲ್ಟ್ ಬಂದ ತಕ್ಷಣ ಇದೇ ಪ್ರಶ್ನೆ ಎಲ್ಲಾ ಕಡೆಯಿಂದ ಬರುತ್ತೆ. ಓದಿದೋರಿಗೇ ಕೆಲಸ ಇಲ್ಲ, ಡಿಗ್ರಿ ಬರೀ ವೇಸ್ಟು ಅನ್ನೋರು ಒಂದು ಲೆಕ್ಕ ತೋರಿಸ್ತಾರೆ: ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) 2024ರಲ್ಲಿ ಬಿಟ್ಟ ಭಾರತದ ಉದ್ಯೋಗ ವರದಿ ಪ್ರಕಾರ 2022ರಲ್ಲಿ ಡಿಗ್ರಿ ಮಾಡಿದ ಯುವಕರಲ್ಲಿ ಶೇ 29.1ರಷ್ಟು ನಿರುದ್ಯೋಗ, ಓದು ಬರಹ ಬರದೋರಲ್ಲಿ ಬರೀ ಶೇ 3.4. ಲೆಕ್ಕ ನಿಜ, ಆದ್ರೆ ಓದದೇ ಇರೋನು ಕೆಲಸ ಇಲ್ಲ ಅಂತ ಮನೇಲಿ ಕೂರೋ ಹಾಗಿಲ್ಲ, ಗಾರೆ ಕೆಲಸನೋ ಕೂಲಿನೋ ಸಿಕ್ಕಿದ್ದಕ್ಕೆ ಹೋಗ್ತಾನೆ, ಡಿಗ್ರಿ ಆದೋನು ತನಗೆ ತಕ್ಕ ಕೆಲಸಕ್ಕೆ ಕಾಯ್ತಾನೆ, ಆ ಕಾಯೋದನ್ನ ಮನೆಯವ್ರು ಸಾಕ್ತಾರೆ. ಹಾಗಾಗಿ ಇದ್ರಿಂದ ಓದು ವೇಸ್ಟ್ ಅಂತ ಹೇಳಕ್ಕಾಗಲ್ಲ. ಆದ್ರೆ ಡಿಗ್ರಿ ಮುಗಿದ ಮೇಲೂ ಕಾಯೋ ಟೈಮ್ ಇರುತ್ತೆ ಅನ್ನೋದನ್ನ ಸಾಲ ಮಾಡೋರು ಲೆಕ್ಕಕ್ಕೆ ಇಟ್ಕೊಳ್ಳೇಬೇಕು. ನಮ್ಮ ಸರ್ಕಾರ ಯುವನಿಧಿ ಅಂತ ಡಿಗ್ರಿ ಆಗಿ ಕೆಲಸ ಸಿಗದೋರಿಗೆ ಎರಡು ವರ್ಷದವರೆಗೆ ತಿಂಗಳಿಗೆ 3,000 ಕೊಡೋ ಸ್ಕೀಮ್ ಮಾಡಿದ್ದು ಸುಮ್ನೆ ಅಲ್ಲ.

ಈಗ ಪೆನ್ನು ಪೇಪರ್ ತಗೊಳ್ಳಿ, ಮಗನ್ನೂ ಪಕ್ಕದಲ್ಲಿ ಕೂರಿಸ್ಕೊಳ್ಳಿ, ಯಾಕಂದ್ರೆ ಲೋನ್ ಅವನ ಹೆಸ್ರಲ್ಲೇ ಆಗೋದು, ನೀವು ಕೋ-ಅಪ್ಲಿಕೆಂಟ್. ವರ್ಷಕ್ಕೆ ಎರಡೂವರೆ ಲಕ್ಷದ ಹಾಗೆ ನಾಲ್ಕು ವರ್ಷಕ್ಕೆ 10 ಲಕ್ಷ, ಬಡ್ಡಿ ಶೇ 10 ಅಂತ ಇಟ್ಕೊಳ್ಳಿ. ಕೋರ್ಸ್ ಮುಗಿದು ಇನ್ನೊಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ ಅಂತ ಬ್ಯಾಂಕಲ್ಲಿ ಹೇಳ್ತಾರೆ, ನಮ್ಮೋರು ಅದನ್ನ ಕೇಳಿ ಸಮಾಧಾನ ಆಗ್ಬಿಡ್ತಾರೆ, ಆದ್ರೆ ಬಡ್ಡಿ ಮೊದಲನೇ ದಿನದಿಂದಾನೇ ಓಡ್ತಾ ಇರುತ್ತೆ. ಒಂದೊಂದು ವರ್ಷದ ದುಡ್ಡಿಗೆ ಅದನ್ನ ತಗೊಂಡ ದಿನದಿಂದ ಲೆಕ್ಕ ಹಾಕಿದ್ರೆ ಆ ಐದು ವರ್ಷಕ್ಕೆ ಸರಳ ಬಡ್ಡಿನೇ ಮೂರೂವರೆ ಲಕ್ಷ ಆಗುತ್ತೆ, ಅಂದ್ರೆ ಕಟ್ಟೋಕೆ ಶುರು ಮಾಡೋ ಹೊತ್ತಿಗೆ ಸಾಲ 13.5 ಲಕ್ಷ. ಹತ್ತು ವರ್ಷದ ಕಂತು ಹಾಕಿದ್ರೆ ತಿಂಗಳಿಗೆ ಸುಮಾರು 17,800, ಒಟ್ಟು ಕಟ್ಟೋದು 21 ಲಕ್ಷದ ಮೇಲೆ.

ಇನ್ನು ಸಂಬಳ. ದೊಡ್ಡ ಸರ್ವಿಸ್ ಕಂಪನಿಗಳಲ್ಲಿ ಫ್ರೆಶರ್ ಪ್ಯಾಕೇಜು ಹತ್ತು ವರ್ಷದ ಹಿಂದೆ ಮೂರು, ಮೂರೂಕಾಲು ಲಕ್ಷ ಇತ್ತು, ಈಗ್ಲೂ ಮೂರೂವರೆ ಆಸುಪಾಸಲ್ಲೇ ಇದೆ, ಫೀಸು ಮಾತ್ರ ಹಾಗೆ ನಿಂತಿಲ್ಲ. ಮೂರೂವರೆ ಅಂದ್ರೆ ಕೈಗೆ ಬರೋದು 24-25 ಸಾವಿರ. ಅದ್ರಲ್ಲಿ 17,800 ಕಂತಿಗೆ ಹೋದ್ರೆ ಉಳಿದ ದುಡ್ಡಲ್ಲಿ ಬೆಂಗಳೂರಲ್ಲಿ ಪಿಜಿ ಬಾಡಿಗೆನೂ ಸರಿಯಾಗಿ ಆಗಲ್ಲ, ಊಟ ಬಸ್ಸು ಬಿಡಿ. ಅದೂ ಕೆಲಸ ಸಿಕ್ರೆ. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್‌ನಲ್ಲಿ 13,249, ಇನ್ಫೋಸಿಸ್‌ನಲ್ಲಿ 25,994 ಜನ ಕಮ್ಮಿ ಆದ್ರು. ಅದೇ ಸರ್ಕಾರಿ ಕೋಟಾದಲ್ಲಿ ಸೇರಿ ಒಟ್ಟು 4 ಲಕ್ಷ ಸಾಲ ಮಾಡಿದ್ರೆ ಇದೇ ಲೆಕ್ಕದಲ್ಲಿ ಕಂತು 7,100ರ ಹತ್ರ ಬರುತ್ತೆ, ಆ ಹುಡುಗ ಕಟ್ತಾನೆ, ಮನೆಗೂ ಒಂದಷ್ಟು ಕಳಿಸ್ತಾನೆ. ಇಬ್ರದ್ದೂ ಡಿಗ್ರಿ ಒಂದೇ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಕೊಡೋದು.

ಇನ್ನೊಂದು ವಿಷ್ಯ, ಇದು ನಂಗೆ ನಿಜಕ್ಕೂ ಸಂಕಟ ಆಗೋದು. ಬ್ಯಾಂಕ್ ಲೋನ್ ಕೊಡೋದು ರಸೀದಿ ಇರೋ ಫೀಸಿಗೆ. ಮ್ಯಾನೇಜ್‌ಮೆಂಟ್ ಸೀಟಲ್ಲಿ ರಸೀದಿ ಇಲ್ದೆ ಕೇಳೋ ದುಡ್ಡಿಗೆ ಅಲ್ಲ. ಆ ದುಡ್ಡಿಗೆ ಅಮ್ಮನ ಒಡವೆ ಹೋಗುತ್ತೆ, ಚೀಟಿ ಎತ್ತುತಾರೆ, ಕೈಸಾಲ ಮಾಡ್ತಾರೆ, ಮೂರು ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ ಶೇ 36. ಕೊನೆಗೆ ಕುತ್ತಿಗೆ ಹಿಡಿಯೋದು ಬ್ಯಾಂಕ್ ಲೋನಲ್ಲ, ಇದು. ಕೇಂದ್ರದ ಪಿಎಂ ವಿದ್ಯಾಲಕ್ಷ್ಮಿ ಬಡ್ಡಿ ರಿಯಾಯ್ತಿ ಕೂಡ ಮ್ಯಾನೇಜ್‌ಮೆಂಟ್ ಕೋಟಾದೋರಿಗೆ ಸಿಗಲ್ಲ.

ಕಾಲೇಜಿನೋರು ಹೈಯೆಸ್ಟ್ ಪ್ಯಾಕೇಜ್ ಇಷ್ಟು ಲಕ್ಷ ಅಂತ ಬ್ಯಾನರ್ ಹಾಕಿರ್ತಾರೆ, ಅದು ಒಂದು ಹುಡುಗನದ್ದು. ನೀವು ಆ ಕಾಲೇಜಿನ ವೆಬ್‌ಸೈಟಲ್ಲಿ ಎನ್‌ಐಆರ್‌ಎಫ್ (ಕೇಂದ್ರ ಸರ್ಕಾರದ ಕಾಲೇಜು ರ‍್ಯಾಂಕಿಂಗ್) ಅಂತ ಹುಡುಕಿ, ರ‍್ಯಾಂಕಿಂಗ್‌ಗೆ ಅರ್ಜಿ ಹಾಕಿರೋ ಕಾಲೇಜು ಆದ್ರೆ ಒಂದು ಪಿಡಿಎಫ್ ಇರುತ್ತೆ. ಅದ್ರಲ್ಲಿ ಎಷ್ಟು ಜನ ಸೇರಿದ್ರು, ಎಷ್ಟು ಜನ ನಾಲ್ಕು ವರ್ಷಕ್ಕೇ ಪಾಸಾದ್ರು, ಎಷ್ಟು ಜನಕ್ಕೆ ಕೆಲಸ ಆಯ್ತು, ಮೀಡಿಯನ್ ಸಂಬಳ ಎಷ್ಟು ಅಂತ ಸಾಲಾಗಿ ಕೊಟ್ಟಿರ್ತಾರೆ. ಮೀಡಿಯನ್ ಅಂದ್ರೆ ಎಲ್ರನ್ನೂ ಸಂಬಳದ ಪ್ರಕಾರ ನಿಲ್ಲಿಸಿದ್ರೆ ಸರಿಯಾಗಿ ಮಧ್ಯದಲ್ಲಿ ನಿಲ್ಲೋನು, ನಿಮ್ಮ ಮಗನೂ ಹೆಚ್ಚುಕಮ್ಮಿ ಅಲ್ಲೇ ಇರ್ತಾನೆ ಅಂತ ಅಂದ್ಕೊಂಡು ಲೆಕ್ಕ ಹಾಕಿ. ನನ್ನ ಕೇಳಿದ್ರೆ, ನಾಲ್ಕು ವರ್ಷದ ಒಟ್ಟು ಸಾಲ ಆ ಮೀಡಿಯನ್ ಸಂಬಳದ ಒಂದು ವರ್ಷದ ಮೊತ್ತ ದಾಟ್ಬಾರ್ದು. ಪಿಡಿಎಫ್ ಇಲ್ದಿದ್ರೆ, ಕೇಳಿದ್ರೂ ಲೆಕ್ಕ ಕೊಡದಿದ್ರೆ, ಆ ಕಾಲೇಜಿಗೆ ಸಾಲ ಮಾಡಿ ಸೇರಿಸೋ ಮಾತೇ ಬೇಡ.

ಹಾಗಾದ್ರೆ ಏನ್ಮಾಡೋದು ಅಂತೀರಾ. ಸಿಎಸ್ ಒಂದೇ ಅನ್ನೋ ಹಟ ಬಿಟ್ರೆ ಸಿವಿಲ್ಲು, ಮೆಕ್ಯಾನಿಕಲ್ಲು, ಎಲೆಕ್ಟ್ರಿಕಲ್ಲು ಕಮ್ಮಿ ರ‍್ಯಾಂಕಿಗೂ ಸರ್ಕಾರಿ ಫೀಸಲ್ಲಿ ಸಿಗುತ್ತೆ. ವರ್ಷಕ್ಕೆ 8 ಲಕ್ಷದ ಒಳಗೆ ಆದಾಯ ಇರೋ ಮನೆಯವ್ರಿಗೆ ಎಸ್‌ಎನ್‌ಕ್ಯೂ ಅಂತ ಶೇ 5ರಷ್ಟು ಸೀಟು ಬೇರೆ ಇರುತ್ತೆ, ಟ್ಯೂಷನ್ ಫೀಸೇ ಇಲ್ಲ, ಗೊತ್ತಿಲ್ದೆ ಎಷ್ಟೋ ಜನ ಕ್ಲೈಮ್ ಮಾಡಿರಲ್ಲ. ಸಿಇಟಿ ಮೂಲಕ ಸೀಟು ತಗೊಂಡ ಹಿಂದುಳಿದ ವರ್ಗದ, ಅಲ್ಪಸಂಖ್ಯಾತರ ಮಕ್ಕಳಿಗೆ ನಿಗಮಗಳಿಂದ ಅರಿವು ಸಾಲ ಇದೆ, ಬಡ್ಡಿ ಬ್ಯಾಂಕಿಗಿಂತ ತುಂಬಾ ಕಮ್ಮಿ. ಊರ ಹತ್ರದ ಸರ್ಕಾರಿ ಕಾಲೇಜಲ್ಲಿ ಬಿಸಿಎನೋ ಬಿಎಸ್‌ಸಿನೋ ಮಾಡಿ ಆಮೇಲೆ ಎಂಸಿಎ ಮಾಡಿದ್ರೂ ಸಾಫ್ಟ್‌ವೇರ್ ಕೆಲಸಕ್ಕೆ ದಾರಿ ಇದೆ. ಚಿಕ್ಕ ಮಗ ಮಗಳು ಎಸ್‌ಎಸ್‌ಎಲ್‌ಸಿಲಿ ಇದ್ರೆ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಡಿಪ್ಲೊಮಾ ಬಗ್ಗೆ ವಿಚಾರಿಸಿ. ಡಿಪ್ಲೊಮಾ ಆದ್ಮೇಲೆ ಡಿಸಿಇಟಿ ಅನ್ನೋ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೇ ಸೇರ್ಬೋದು.

ಸಾಲ ಬೇಕೇ ಬೇಕು ಅಂದ್ರೆ ಮೊದ್ಲು ನ್ಯಾಷನಲೈಸ್ಡ್ ಬ್ಯಾಂಕಿಗೆ ಹೋಗಿ, 4 ಲಕ್ಷದವರೆಗೆ ಅಡಮಾನ ಕೇಳೋ ಹಾಗಿಲ್ಲ. ಕೋರ್ಸ್ ನಡೀವಾಗ್ಲೇ ತಿಂಗಳ ಬಡ್ಡಿ ಕಟ್ಕೊಂಡು ಹೋಗಿ, ಬಡ್ಡಿ ಗಂಟಿಗೆ ಸೇರಲ್ಲ, ಹಾಗೆ ಕಟ್ಟೋರಿಗೆ ಎಷ್ಟೋ ಬ್ಯಾಂಕಲ್ಲಿ ಬಡ್ಡಿ ದರದಲ್ಲಿ ಶೇ 1 ಕಮ್ಮಿನೂ ಮಾಡ್ತಾರೆ. ಕಂತು ತಪ್ಪಿದ್ರೆ ಮಗನ ಸಿಬಿಲ್ (ಸಾಲ ಕಟ್ಟಿದ ದಾಖಲೆ ನೋಡಿ ಕೊಡೋ ಸ್ಕೋರು) ಜೊತೆ ನಿಮ್ಮದೂ ಕೆಡುತ್ತೆ, ನಾಳೆ ಬೆಳೆ ಸಾಲಕ್ಕೆ ಹೋದಾಗ ಅದೇ ತೊಡಕಾಗುತ್ತೆ. ಆ ಸೀಟಿಗೆ ಅಡ್ವಾನ್ಸ್ ಕೊಡ್ಬೇಡಿ, ಸಿಇಟಿ ಸೀಟು ಹಂಚೋ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೊನೇ ರೌಂಡ್ ಮುಗಿಯೋವರೆಗೆ ಕಾಯಿರಿ. ಬೇಕಾದ ಕಾಲೇಜು, ಬ್ರ್ಯಾಂಚ್ ಆರಿಸೋ ಆಪ್ಷನ್ ಎಂಟ್ರಿ ಓಪನ್ ಇದ್ರೆ ನಿಮ್ಮ ಜಿಲ್ಲೆಯ ಕಾಲೇಜುಗಳನ್ನೂ ಬೇರೆ ಬ್ರ್ಯಾಂಚ್‌ಗಳನ್ನೂ ಇವತ್ತೇ ಸೇರಿಸಿ.