ಗೋಸುಂಬೆಯ ಮೂಳೆ ರೋಗ: ರಕ್ತ ನಾರ್ಮಲ್, ಮೂಳೆ ಮಾತ್ರ ರಬ್ಬರ್

ನನ್ನ ಹಾಗೆ ಹೆಬ್ಬಾಳದಲ್ಲಿ ಪಶುವೈದ್ಯಕೀಯ ಮುಗಿಸಿ, ಈಗ ಅಮೆರಿಕದ ಲೈಸೆನ್ಸ್ ಪರೀಕ್ಷೆಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಕ್ಯಾಲ್ಸಿಯಂ ಕೊರತೆ ಅಂದ ತಕ್ಷಣ ನಮಗೆ ನೆನಪಾಗುವುದು ಹಾಲು ಜ್ವರ, ಅಂದರೆ ಕರು ಹಾಕಿದ ಹಸು ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ನೆಲ ಹಿಡಿಯುವ ರೋಗ. ನಾನು ಎಡವಿದ್ದೂ ಅಲ್ಲೇ.

ಫ್ಲೋರಿಡಾದ ಒಂದು ಕ್ಲಿನಿಕ್‌ನಲ್ಲಿ ಕೆಲಸ ನೋಡಿ ಕಲಿಯುತ್ತಿದ್ದೆ. ವೇಲ್ಡ್ (veiled) ಎಂಬ ಜಾತಿಯ ಏಳು ತಿಂಗಳ ಗಂಡು ಗೋಸುಂಬೆ ಬಂತು. ಇದರ ಮೂಲ ಯೆಮನ್ ಮತ್ತು ಸೌದಿ ಕಡೆ. ನಮ್ಮ ಊರಿನ ಗೋಸುಂಬೆಯನ್ನು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಸಾಕುವ ಹಾಗಿಲ್ಲ, ಹಾಗಾಗಿ ಕಾಲೇಜಿನಲ್ಲಿ ಒಂದನ್ನೂ ಮುಟ್ಟಿರಲಿಲ್ಲ. ಇದರ ಮುಂಗಾಲು ಬಿಲ್ಲಿನ ಹಾಗೆ ಬಾಗಿತ್ತು. ಕೆಳದವಡೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಳಕ್ಕೆ ಹೋಗುತ್ತಿತ್ತು. ಎದುರಿಗೆ ಹುಳ ಹಿಡಿದರೆ ಬಾಯಿ ತೆರೆಯುತ್ತದೆ, ಗುರಿ ಇಡುತ್ತದೆ, ನಾಲಿಗೆಯ ತುದಿ ತುಟಿವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

"ರಕ್ತದಲ್ಲಿ ಕ್ಯಾಲ್ಸಿಯಂ ಎಷ್ಟಿರಬಹುದು?" ಅಂತ ಡಾಕ್ಟರ್ ಕೇಳಿದರು. ಐದರ ಆಸುಪಾಸು ಅಂದೆ, ಧೈರ್ಯವಾಗಿ. ವರದಿಯಲ್ಲಿ 9.4 ಬಂತು (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕ). ಸುಮಾರು 8ರಿಂದ 11 ಇದ್ದರೆ ಸರಿ. ಹಾಗಾದರೆ ಇದು ಕೊರತೆಯೇ ಅಲ್ವಲ್ಲ! ಎರಡು ದಿನ ಇದೇ ತಲೆಯಲ್ಲಿ ಕೊರೆಯಿತು.

ಕಣಜ ಮತ್ತು ತಟ್ಟೆ

ಮೂಳೆ ಕಣಜ, ರಕ್ತ ಊಟದ ತಟ್ಟೆ ಅಂದುಕೊಳ್ಳಿ.

ಕರು ಹಾಕಿದ ಹಸುವಿನಲ್ಲಿ ಗಿಣ್ಣುಹಾಲಿಗೆ ಒಮ್ಮೆಲೇ ಕ್ಯಾಲ್ಸಿಯಂ ಹರಿದು ಹೋಗುತ್ತದೆ. ಮೂಳೆಯಲ್ಲಿ ಬೇಕಾದಷ್ಟಿದೆ, ಆದರೆ ಕಣಜದ ಬಾಗಿಲು ತೆಗೆಯುವುದು ತಡ. ಕಣಜ ತುಂಬಿದೆ, ತಟ್ಟೆ ಖಾಲಿ. ರಕ್ತನಾಳಕ್ಕೆ ಕ್ಯಾಲ್ಸಿಯಂ ಬಾಟಲಿ ಏರಿಸಿದರೆ ಹಸು ಎದ್ದು ನಿಲ್ಲುತ್ತದೆ.

ಗೋಸುಂಬೆಯಲ್ಲಿ ಇದು ಪೂರ್ತಿ ಉಲ್ಟಾ. ಆಹಾರದಿಂದ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಬರುತ್ತಿಲ್ಲ. ಆದರೆ ರಕ್ತದಲ್ಲಿ ಅದು ಇಲ್ಲದೆ ಹೃದಯ, ಸ್ನಾಯು ಯಾವುದೂ ನಡೆಯಲ್ಲ. ಹಾಗಾಗಿ ರಕ್ತದಲ್ಲಿ ಚೂರು ಇಳಿದರೂ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನ್ ಬಿಡುತ್ತದೆ. ಅದು ಮೂಳೆ ಕರಗಿಸಿ ತಟ್ಟೆಗೆ ಬಡಿಸುತ್ತದೆ. ಮಟ್ಟ ಸರಿಹೋಯಿತು. ನಾಳೆ ಮತ್ತೆ ಇಳಿಯಿತು, ಮತ್ತೆ ಬಡಿಸಿತು. ನಾವು ರಕ್ತ ತೆಗೆದ ದಿನ ತಟ್ಟೆ ತುಂಬಿತ್ತು, ಅಷ್ಟೇ. ಆ 9.4 ಆರೋಗ್ಯದ ಲಕ್ಷಣವಲ್ಲ, ಕಣಜ ಬಳಿದು ಹಾಕಿದ್ದು.

ಕಣಜ ನಿಜವಾಗಿ ಬರಿದಾದ ಮೇಲೆಯೇ ವರದಿಯಲ್ಲಿ ಅಂಕಿ ಬೀಳುತ್ತದೆ. ಬೆರಳು ಅದುರುವುದು, ಸೆಟೆದುಕೊಳ್ಳುವುದು ಆಗ. ಅಂದರೆ ನಾನು ಮೊದಲ ಲಕ್ಷಣ ಅಂದುಕೊಂಡಿದ್ದು ಕೊನೆಯದ್ದು. ಶುರುವಿನಲ್ಲಿ ಕಾಣುವುದು ಸಣ್ಣ ಸಣ್ಣ ವಿಷಯ: ಕೊಂಬೆಯ ಮೇಲೆ ಹಿಡಿತ ಸಡಿಲ, ನಾಲಿಗೆಗೆ ಮೊದಲಿನ ದೂರ ಸಿಗಲ್ಲ, ಹತ್ತುವ ಪ್ರಾಣಿ ಸುಮ್ನೆ ಗೂಡಿನ ತಳದಲ್ಲಿ ಕೂತಿರುತ್ತದೆ.

ಇನ್ನೊಂದು ಮೋಸ ಇದೆ. ಕಾಲು ದಪ್ಪಗೆ ಕಂಡರೆ ಪುಷ್ಟಿ ಅಂದುಕೊಳ್ಳಬೇಡಿ. ಕರಗಿದ ಮೂಳೆಯ ಜಾಗದಲ್ಲಿ ನಾರು ತುಂಬಿಕೊಂಡಿರಬಹುದು. ಎಕ್ಸ್‌ರೇ ತೆಗೆದರೆ ಗೊತ್ತಾಗುತ್ತದೆ: ಮೂಳೆ ಮಸುಕು ಮಸುಕು, ಅಂಚು ಪೆನ್ಸಿಲ್ ಗೆರೆಯಷ್ಟು ತೆಳು. ಮೊಟ್ಟೆ ಹೊತ್ತ ಹೆಣ್ಣಿನ ವರದಿಯಂತೂ ಇನ್ನೂ ಕಷ್ಟ. ಅವುಗಳಲ್ಲಿ ಕ್ಯಾಲ್ಸಿಯಂ ಸಹಜವಾಗಿಯೇ ಜಾಸ್ತಿ ಏರಿರುತ್ತದೆ, ಹಾಗಾಗಿ ಬರೀ ನಾರ್ಮಲ್ ಬಂದರೂ ಅನುಮಾನ ಪಡಬೇಕು.

ಕಣಜ ತುಂಬದಿರುವುದು ಯಾಕೆ

ಗೋಸುಂಬೆಗೆ ತಿನ್ನಿಸುವ ಕ್ರಿಕೆಟ್ ಹುಳದಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ (ಫಾಸ್ಫರಸ್) ಹಲವು ಪಟ್ಟು. ಬೇಕಾಗಿದ್ದು ಸುಮಾರು ಎರಡು ಪಾಲು ಕ್ಯಾಲ್ಸಿಯಂಗೆ ಒಂದು ಪಾಲು ರಂಜಕ. ಅದಕ್ಕೇ ಹುಳಕ್ಕೆ ಮೊದಲು ಒಳ್ಳೆಯ ಸೊಪ್ಪು ತಿನ್ನಿಸಿ, ಆಮೇಲೆ ರಂಜಕವಿಲ್ಲದ ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಕೊಡುವುದು. ಹೊರಳಿಸಿದ ತಕ್ಷಣ ಕೊಡಬೇಕು, ಬಿಟ್ಟರೆ ಹುಳ ಮೈ ಒರೆಸಿಕೊಂಡು ಪುಡಿ ಉದುರಿಸಿಬಿಡುತ್ತದೆ.

ಪುಡಿ ಹಾಕಿದರೂ ವಿಟಮಿನ್ ಡಿ3 ಇಲ್ಲದೆ ಕರುಳು ಅದನ್ನು ಸರಿಯಾಗಿ ಹೀರಲ್ಲ. ಡಿ3 ಆಗಲು ಬಿಸಿಲಿನ ಯುವಿಬಿ (ಒಂದು ಬಗೆಯ ನೇರಳಾತೀತ) ಕಿರಣ ಚರ್ಮದ ಮೇಲೆ ಬೀಳಬೇಕು, ಮೈ ಬೆಚ್ಚಗಿರಬೇಕು, ಆಮೇಲೆ ಯಕೃತ್ತು, ಕೊನೆಗೆ ಮೂತ್ರಪಿಂಡ ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತವೆ. ಇದು ಬಯೋಕೆಮಿಸ್ಟ್ರಿಯಲ್ಲಿ ಆಗಿದೆ, ಬಿಡಿ. ನನಗೆ ಇಷ್ಟವಾದದ್ದು 2009ರಲ್ಲಿ ಪ್ರಕಟವಾದ ಅಧ್ಯಯನ: ಆಹಾರದಲ್ಲಿ ಡಿ3 ಕಡಿಮೆ ಇದ್ದ ಪ್ಯಾಂಥರ್ ಗೋಸುಂಬೆಗಳು ತಾವೇ ಹೋಗಿ ಯುವಿ ಬೆಳಕಿಗೆ ಹೆಚ್ಚು ಮೈಯೊಡ್ಡಿದವು.

ನನ್ನ ಶಾರ್ಟ್‌ಕಟ್: ಮೊದಲ ಪ್ರಶ್ನೆ "ಏನು ತಿನ್ನಿಸುತ್ತೀರಿ?" ಅಲ್ಲ, "ಗೂಡಿನ ಫೋಟೋ ತೋರಿಸಿ." ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಆವತ್ತಿನ ಫೋಟೋದಲ್ಲಿ ಗೂಡು ಕಿಟಕಿ ಪಕ್ಕದಲ್ಲಿತ್ತು, ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಆದರೆ ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ. ಗೂಡಿನ ಮೇಲಿದ್ದ ಯುವಿಬಿ ಟ್ಯೂಬ್ ಲೈಟ್ ಎರಡು ವರ್ಷ ಹಳೆಯದು. ಅದು ಬೆಳಗುತ್ತಿತ್ತು, ನಿಜ. ಆದರೆ ಕಣ್ಣಿಗೆ ಬೆಳಕು ಕಂಡರೂ ಯುವಿಬಿ ಮೊದಲೇ ಬತ್ತಿಹೋಗುತ್ತದೆ. ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳಿಗೆ ಬದಲಿಸಬೇಕು.

ಚಿಕಿತ್ಸೆ

ಬಾಯಿಗೆ ಕ್ಯಾಲ್ಸಿಯಂ ದ್ರಾವಣ, ಹೊಸ ಟ್ಯೂಬ್, ಬಿದ್ದರೂ ಪೆಟ್ಟಾಗದ ಹಾಗೆ ತಗ್ಗಿನ ಕೊಂಬೆ. ಇಂಜೆಕ್ಷನ್ ಮುಖ್ಯವಾಗಿ ಅದುರುವಿಕೆ, ಸೆಟೆತ ಇದ್ದಾಗ. ಪರೀಕ್ಷೆಯಲ್ಲಿ ಕ್ಯಾಲ್ಸಿಟೋನಿನ್ ಕೇಳಿದರೆ ಹುಷಾರು: ಅದು ಕಣಜಕ್ಕೆ ಬೀಗ ಹಾಕುವ ಔಷಧಿ. ತಟ್ಟೆ ಖಾಲಿ ಇರುವಾಗ ಬೀಗ ಹಾಕಿದರೆ ಪ್ರಾಣವೇ ಹೋಗಬಹುದು. ಡಿ3 ಪುಡಿಯನ್ನೂ ದಿನಾ ಸುರಿಯುವ ಹಾಗಿಲ್ಲ, ಅತಿಯಾದರೆ ಮೂತ್ರಪಿಂಡ, ರಕ್ತನಾಳಗಳಲ್ಲಿ ಸುಣ್ಣ ಕಟ್ಟುತ್ತದೆ.

ಆರನೇ ವಾರ ಅದು ಮತ್ತೆ ಬಂತು. ನಾಲಿಗೆ ಗೇಣು ದೂರದ ಹುಳವನ್ನು ಹಿಡಿಯಿತು. ದವಡೆ ಗಟ್ಟಿಯಾಗಿತ್ತು. ಮುಂಗಾಲು ಮಾತ್ರ ಬಾಗಿದ ಹಾಗೇ ಗಟ್ಟಿಯಾಗಿತ್ತು.